ಕೆಂಪು ಚೌಕಳಿ ಅಂಗಿ

ಪ್ರಶಸ್ತಿಯ ಸುದ್ದಿ ಬಂದ ದಿನ ಸುಮಲತಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಿದ್ದಳು ಅನ್ನುವುದಕ್ಕಿಂತ ಹಿಟ್ಟಿನ ಜೊತೆ ಜಗಳಕ್ಕೆ ಬಿದ್ದಿದ್ದಳು ಅಂದರೆ ಸರಿ. ಅತ್ತಿಗೆ ಗಂಗಾಂಬಿಕಾ ಪಂಚಮಿ ಹಬ್ಬಕ್ಕೆಂದು ತವರೂರು ಚಿಗಟೇರಿಗೆ ಹೋಗಿದ್ದಳು. ಅವಳಿದ್ದಾಗ ರೊಟ್ಟಿಯ ಬಗ್ಗೆ ಯಾರೂ ಯೋಚನೆ ಮಾಡಿದವರೇ ಅಲ್ಲ.

"ಇದೇನ್ ರೊಟ್ಟೀನೋ, ಬಳ್ಳಾರಿ ಜಿಲ್ಲಾ ನಕ್ಷೇನೋ?" ಎಂದು ಅಣ್ಣ ಬಸವೇಶ ತಾಟಿನಲ್ಲಿದ್ದುದನ್ನು ಎತ್ತಿ ಬೆಳಕಿಗೆ ಹಿಡಿದ. "ನೋಡವ್ವ, ನಮ್ಮ ಹಡಗಲಿ ಇರಬೇಕಾದ ಜಾಗದಾಗ ತೂತು ಬಿದ್ದೈತಿ."

"ಸುಮ್ನ ತಿನ್ನಲೇ," ಎಂದಳು ಅಜ್ಜಿ ನಾಗಲಿಂಗಮ್ಮ, ಮೂಲೆಯಲ್ಲಿ ಕೂತು ಮಲ್ಲಿಗೆ ಮಾಲೆ ಕಟ್ಟುತ್ತ. "ಹೆಂಡ್ತಿ ಊರಿಗಿ ಹೋಗಿ ನಾಕು ದಿನ ಆಗಿಲ್ಲ, ಆಗಲೇ ಮಾರಿ ಸಣ್ಣದಾಗೈತಿ ನಿಂದು."

ಆಗ ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು. ಸುಮಲತಾ ಹಿಟ್ಟಿನ ಕೈಯಲ್ಲೇ ಓಡಿದಳು. ಒಳಗಿದ್ದವರಿಗೆ ಅವಳ "ಹ್ಞೂಂರಿ... ಹ್ಞೂಂರಿ..." ಮಾತ್ರ ಕೇಳಿಸಿತು. ತಿರುಗಿ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಎದ್ದಿತ್ತು.

"ಯಾರದು?" ಎಂದಳು ಅವ್ವ ಅನ್ನದಾನಮ್ಮ, ರೊಟ್ಟಿಯನ್ನು ಕಿತ್ತು ದನದ ಬಕೆಟ್ಟಿಗೆ ಎಸೆಯುತ್ತ.

"ಧಾರವಾಡದಿಂದ. ಪತ್ರಿಕೆಯವರು." ಸುಮಲತಾ ನೆಲ ನೋಡಿದಳು. "ನನಗ ಪ್ರಶಸ್ತಿ ಬಂದೈತಂತ."

ಮನೆಯಲ್ಲಿ ಅವಳು ಇಷ್ಟು ದೊಡ್ಡ ಮಾತನ್ನು ಹಿಂದೆಂದೂ ಆಡಿರಲಿಲ್ಲ. ಬಿ.ಎ. ಮುಗಿಸಿ ಬಂದ ಮೇಲೆ ಮಾತಾಡುವುದಕ್ಕಿಂತ ಬರೆಯುವುದೇ ಅವಳಿಗೆ ಹೆಚ್ಚು. ಆ ವರ್ಷ, ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ಧಾರವಾಡದ ಒಂದು ಒಕ್ಕಲುತನದ ಮಾಸಪತ್ರಿಕೆಗೆ ಮಲ್ಲಿಗೆ ತೋಟದ ಮೇಲೆ ಲೇಖನ ಬರೆದು, ಅತ್ತಿಗೆಯ ಕ್ಯಾಮೆರಾದಲ್ಲಿ ತಾನೇ ತೆಗೆದ ಅವ್ವನ ಚಿತ್ರ ಲಗತ್ತಿಸಿ ಕಳಿಸಿದ್ದಳು. ಸೂರ್ಯ ಏಳುವುದಕ್ಕೆ ಮುಂಚೆ ಮೊಗ್ಗು ಬಿಡಿಸುವುದು, ನಾಳೆ ಅರಳುವ ಮೊಗ್ಗನ್ನು ಇವತ್ತೇ ಕೀಳದಂತೆ ಬೆರಳಿಗೆ ರೂಢಿ ಮಾಡಿಸುವುದು, ಬಿಡಿಸಿದ್ದನ್ನು ಸೆರಗಿನ ಉಡಿಯಲ್ಲಿ ಕಟ್ಟಿಕೊಂಡು ಬಾಗಿ ಬಾಗಿ ಸಾಲು ಮುಗಿಸುವುದು, ಇಬ್ಬನಿಗೆ ರವಿಕೆ ತೊಯ್ಯಬಾರದೆಂದು ಸೀರೆಯ ಮೇಲೆ ಗಂಡಸರ ಅಂಗಿ ತೊಡುವುದು, ಎಲ್ಲ ಬರೆದಿದ್ದಳು. ಚಿತ್ರದ ಸಮೇತ ಅದು ಅಚ್ಚೂ ಆಗಿತ್ತು. ವರ್ಷದ ಉತ್ತಮ ಕೃಷಿ ಬರಹ ಮತ್ತು ಗ್ರಾಮೀಣ ಛಾಯಾಚಿತ್ರಕ್ಕೆ ಕೊಡುವ ಪ್ರಶಸ್ತಿ ಈಗ ಅದಕ್ಕೇ ಬಂದಿತ್ತು. ಶ್ರಾವಣದ ಕೊನೆಯ ಭಾನುವಾರ ಧಾರವಾಡದಲ್ಲಿ ಸಮಾರಂಭ.

ಅಪ್ಪ ಶಿವಯೋಗಪ್ಪ ಹೂವಿನ ಬುಟ್ಟಿಗಳನ್ನು ಬಸ್ಸಿಗೆ ಏರಿಸಿ ಬಂದವರು ಸುದ್ದಿ ಕೇಳಿ ಚಪ್ಪಲಿ ಬಿಡದೆ ಹಾಗೇ ತಿರುಗಿ ಅಂಗಡಿಗೆ ಹೋಗಿ ಪೇಡೆ ತಂದರು. ಓಣಿಯಲ್ಲಿ ಸಿಕ್ಕವರಿಗೆಲ್ಲ ಒಂದೊಂದು ಕೊಟ್ಟರು.

"ನಮ್ಮ ಸುಮಾ ಬರದಿದ್ದು. ಚಿತ್ರಾನೂ ಆಕೀದೇ. ಚಿತ್ರದಾಗಿರಾಕಿ ನಮ್ಮಾಕಿ!"

"ನನ್ನ ಕೇಳದ ತೆಗದಾಳ್ರಿ," ಎಂದು ಅನ್ನದಾನಮ್ಮ ದೂರಿದಳು. ಆದರೆ ಮಧ್ಯಾಹ್ನ ನೆರೆಮನೆಯವರು ಬಂದಾಗ ಪತ್ರಿಕೆಯನ್ನು ತಾನೇ ಹುಡುಕಿ ತಂದು ಆ ಪುಟ ತೆರೆದಿಟ್ಟಳು.

ಆ ರಾತ್ರಿ ಸುಮಲತಾ ಡೈರಿಯಲ್ಲಿ 'ಧಾರವಾಡ' ಎಂದು ಬರೆದು, ಮುಂದೇನೂ ತೋಚದೆ, ಅಡಿಗೆರೆ ಎಳೆದಳು.

ನಾಲ್ಕಾರು ದಿನಗಳಲ್ಲಿ ದಿನಪತ್ರಿಕೆಯ ಪುರವಣಿಯಲ್ಲೂ ಅದೇ ಚಿತ್ರ ಬಣ್ಣದಲ್ಲಿ ಬಂತು. ಹಸಿರು ಗಿಡ, ಬಿಳಿ ಮೊಗ್ಗು, ಅವುಗಳ ನಡುವೆ ಕುಂಕುಮದಂಥ ಕೆಂಪಿನ ಮೇಲೆ ಹಳದಿ ಚೌಕಳಿಯ ಅಂಗಿ ತೊಟ್ಟ ಅನ್ನದಾನಮ್ಮ. ಕೆಳಗೆ ಸುಮಲತಾ ಬರೆದುಕೊಟ್ಟಿದ್ದ ಸಾಲು: 'ಮನೆಯ ಗಂಡಸರು ಹಾಕಿ ಬಿಟ್ಟ ಹಳೆಯ ಅಂಗಿಯಲ್ಲಿ ಮೊಗ್ಗು ಬಿಡಿಸುತ್ತಿರುವ ಅನ್ನದಾನಮ್ಮ, ಹೂವಿನಹಡಗಲಿ.'

ಅದೇ ವಾರ ಬಸವೇಶ ಹೆಂಡತಿಯನ್ನು ಕರೆತರಲು ಚಿಗಟೇರಿಗೆ ಹೋದ. ಸಂಜೆ ಒಬ್ಬನೇ ಬಂದ. ಕೈಯಲ್ಲಿ ಪಂಚಮಿಯ ಶೇಂಗಾ ಉಂಡಿಯ ಚೀಲ ಮಾತ್ರ ಇತ್ತು.

"ಗಂಗಾ ಎಲ್ಲಿ?" ಎಂದಳು ಅವ್ವ.

"ಕಳಿಸಲಿಲ್ಲ." ಅವನು ಚೀಲವನ್ನು ಅಜ್ಜಿಯ ಮುಂದಿಟ್ಟು ಕಂಬಕ್ಕೆ ಒರಗಿದ. "ಮಾವ ಪೇಪರ್ ನೋಡ್ಯಾರ. ಹರಪನಹಳ್ಳಿಯಾಗ ಕ್ಷೌರದ ಅಂಗಡಿಯಾಗ ಕೂತಾಗ ಯಾರೋ ತೋರಿಸಿದ್ರಂತ."

"ನೋಡಿದ್ರ ಏನಾತು?"

"ಆ ಅಂಗಿ ಯಾವುದು ಗೊತ್ತೈತೇನು?"

ಗೊತ್ತಾದ ಕೂಡಲೇ ಅನ್ನದಾನಮ್ಮ ಬಾಯಿಗೆ ಸೆರಗು ಹಿಡಿದಳು. ಅದು ಬಸವೇಶನ ಮದುವೆಯಲ್ಲಿ ಬೀಗರು ಕೊಟ್ಟ ಆಯೇರಿ. ಗಂಡಿನ ಅಪ್ಪನಿಗೆಂದು ಹೆಣ್ಣಿನ ಅಪ್ಪ ಗಾದಿಲಿಂಗಪ್ಪ ಚಪ್ಪರದಲ್ಲಿ ನಾಲ್ಕು ಮಂದಿಯ ಎದುರು ಎತ್ತಿ ತೋರಿಸಿ ಕೊಟ್ಟಿದ್ದ ಅಂಗಿಯ ಬಟ್ಟೆ.

"'ದಾವಣಗೆರೆಯಾಗ ಅಂಗಡಿ ಅಂಗಡಿ ಅಡ್ಡಾಡಿ ನಾನೇ ಕೈಯಾರೆ ಆರಿಸಿದ ಬಟ್ಟೆ. ಮದುವ್ಯಾಗಿ ಎರಡು ವರ್ಷ ತುಂಬಿಲ್ಲ. ಅಷ್ಟರಾಗೇ ಹಾಕಿ ಬಿಟ್ಟ ಹಳೇ ಅಂಗಿ ಆತೇನು? ರಾಜ್ಯಕ್ಕೆಲ್ಲ ಡಂಗುರ ಹೊಡೆದಂಗಾತು' ಅಂತಾರ," ಎಂದ ಬಸವೇಶ. "'ನಿಮ್ಮಪ್ಪ ಬಂದು ಹೇಳ್ಲಿ, ನಮ್ಮ ಬಟ್ಟೆ ಎದಕ್ಕ ಮೈಗೆ ಒಗ್ಗಲಿಲ್ಲ ಅಂತ. ಆಮೇಲೆ ಕಳಿಸ್ತೀನಿ ಮಗಳನ್ನ.'"

ಸುಮಲತಾಳ ಕೈಯಲ್ಲಿದ್ದ ಉಂಡಿ ಪುಡಿಯಾಯಿತು.

ಶಿವಯೋಗಪ್ಪನವರು ಹುಟ್ಟಾ ಬಿಳಿ ಅಂಗಿಯವರು. ಆ ಕೆಂಪು ಬಟ್ಟೆಯನ್ನು ಹೊಲಿಸಿ, ಒಂದೇ ಸಲ ಹಾಕಿಕೊಂಡು, ಕನ್ನಡಿ ಮುಂದೆ ನಿಂತು ಬಿಚ್ಚಿಟ್ಟಿದ್ದರು. ಈಗ ಅವರ ಸಿಟ್ಟೆಲ್ಲ ಹೆಂಡತಿಯ ಮೇಲೆ ತಿರುಗಿತು.

"ಅಲ್ಲ, ಇಡೀ ಮನ್ಯಾಗ ನಿನಗ ಬ್ಯಾರೆ ಅಂಗಿ ಸಿಗಲಿಲ್ಲೇನು?"

"ನಿಮ್ಮ ಬಿಳಿ ಅಂಗಿ ಹಾಕ್ಕೊಂಡಿದ್ರ ಕಲಿ ಆತು ಅಂತ ಓಣಿಗೆಲ್ಲ ಕೇಳಂಗ ಒದರ್ತಿದ್ರಿ. ಇದನ್ನ ನೀವು ಹಾಕ್ಕೊಳ್ಳಂಗಿಲ್ಲ. ಟ್ರಂಕಿನಾಗ ಇಟ್ಟು ಜಿರಳಿಗೆ ಹಾಕ್ಲೇನು? ದಪ್ಪ ಬಟ್ಟಿ. ಇಬ್ಬನಿ ಇಳಿಯಂಗಿಲ್ಲ, ಕಡ್ಡಿ ಚುಚ್ಚಂಗಿಲ್ಲ."

"ಹಾಕ್ಕೋ ಬ್ಯಾಡ ಅಂದೆನೇನು? ಪೇಪರಿನಾಗ ಯಾಕ ಹಾಕ್ಕೊಂಡಿ ಅಂತೀನಿ!"

"ಪೇಪರಿನಾಗ ನಾ ಹಾಕ್ಕೊಂಡಿಲ್ರಿ. ನಿಮ್ಮ ಮಗಳು ಹಾಕ್ಯಾಳ."

ಎಲ್ಲರೂ ಸುಮಲತಾಳ ಕಡೆ ನೋಡಿದರು. 'ಹಾಕಿ ಬಿಟ್ಟ ಹಳೆಯ' ಎನ್ನುವ ಆ ಮಾತು ಬರೆಯುವಾಗ ಅವಳಿಗೆ ಚೆಂದ ಕಂಡಿತ್ತು, ಅಷ್ಟೆ.

"ಬೀಗರ ಮನಸ್ಸು ತಿಳಿಯಾಗೋ ತನಕ ಧಾರವಾಡದ ಮಾತು ಎತ್ತಬ್ಯಾಡ," ಎಂದರು ಅಪ್ಪ. "ಆ ಚಿತ್ರ ಅಲ್ಲಿ ಇನ್ನೂ ದೊಡ್ಡದು ಮಾಡಿ ತೂಗು ಹಾಕ್ತಾರಂತ. ಸೊಸಿನ್ನ ತವರಾಗ ಕೂಡ್ರಿಸಿ ಮಗಳಿಗೆ ಶಾಲು ಹೊದಿಸಿಕೊಂಡು ಬರಾಕ ನಾ ಒಲ್ಲೆ."

ಮುಂದಿನ ದಿನಗಳು ಹಾಗೇ ಎಳೆದಾಡಿದವು. ಸಾರಿಗೆ ಒಂದು ದಿನ ಉಪ್ಪು ಎರಡು ಸಲ ಬಿದ್ದರೆ, ಮರುದಿನ ಬೀಳಲೇ ಇಲ್ಲ. ಬಸವೇಶ ತನ್ನ ಅಂಗಿ ತಾನೇ ಒಗೆದುಕೊಂಡು, ಹಿಂಡಲು ಬಾರದೆ, ನೀರು ಸುರಿಯುವ ಹಾಗೇ ತಂತಿಗೆ ಹಾಕುತ್ತಿದ್ದ. ಶಿವಯೋಗಪ್ಪ ಚಿಗಟೇರಿಗೆ ಫೋನು ಮಾಡಿದರೆ ಆ ಕಡೆಯಿಂದ ಬೀಗತಿ ತಿಪ್ಪೇರುದ್ರಮ್ಮನ ದನಿ: "ಅವ್ರು ಹೊಲಕ್ಕೆ ಹೋಗ್ಯಾರ್ರಿ." ಹಿಂದೆಯೇ ಗಾದಿಲಿಂಗಪ್ಪನ ಕೆಮ್ಮು ಕೇಳಿಸುತ್ತಿತ್ತು.

"ಹೊಲ ಮನ್ಯಾಗ ಬಂದೈತಿ ಕಾಣ್ತೈತಿ ಅವರಿಗೆ," ಎನ್ನುತ್ತಿದ್ದಳು ಅಜ್ಜಿ.

ಅನ್ನದಾನಮ್ಮ ಆ ಅಂಗಿಯನ್ನು ಗೂಟಕ್ಕೆ ನೇತುಹಾಕಿ ಮತ್ತೆ ಮುಟ್ಟಲಿಲ್ಲ. ಬರೀ ಸೀರೆಯಲ್ಲೇ ತೋಟಕ್ಕೆ ಹೋಗಿ, ತೋಳು ಬೆನ್ನು ತೊಯ್ಸಿಕೊಂಡು ಬಂದು, ಮೂರನೇ ದಿನಕ್ಕೆ ಸೀನಲು ಹತ್ತಿದಳು. ಮೊದಲು ಶಿವಯೋಗಪ್ಪ ಕೇಳದವರಂತೆ ಇದ್ದರು. ಆಮೇಲೆ ಎದ್ದು ಹೋಗಿ ಮೆಣಸು, ಶುಂಠಿ ಜಜ್ಜಿ ತಾವೇ ಕಷಾಯ ಕಾಸಿ ತಂದರು.

"ಹಾಕ್ಕೊಂಡು ಹೋಗು ಅದನ್ನ. ಇನ್ನೂ ಯಾಕ ಹಟ?"

"ಒಲ್ಲೆ. ಮತ್ಯಾರರ ಫೋಟೋ ತೆಗದಾರು," ಎಂದು ಅವಳು ಮೂಗು ಒರೆಸಿಕೊಂಡಳು. ಕಷಾಯ ಮಾತ್ರ ಪೂರ್ತಿ ಕುಡಿದಳು.

ಸಮಾರಂಭಕ್ಕೆ ಒಂದು ವಾರ ಉಳಿದಿರುವಾಗ ಪತ್ರಿಕೆಯವರು ಮತ್ತೆ ಫೋನು ಮಾಡಿದರು, ಎಷ್ಟು ಜನ ಬರುತ್ತೀರಿ ಎಂದು. "ನಾಳೆ ಹೇಳ್ತೀನ್ರಿ," ಎಂದು ಸುಮಲತಾ ಫೋನಿಟ್ಟಳು. ಅವಳಿಗೆ ಆ ವೇದಿಕೆಯೂ ಬೇಕಿರಲಿಲ್ಲ, ಶಾಲೂ ಬೇಕಿರಲಿಲ್ಲ. ತನ್ನ ಅವ್ವನ ಚಿತ್ರವನ್ನು ದೊಡ್ಡದಾಗಿ ಗೋಡೆಯ ಮೇಲೆ ನೋಡಬೇಕು, ಅದನ್ನು ಅವ್ವನೂ ನೋಡಬೇಕು. ಅಷ್ಟೇ ಬೇಕಿತ್ತು, ಬಹಳ ಬೇಕಿತ್ತು.

ಊಟಕ್ಕೆ ಕೂತಾಗ ಅವಳು ತಾಟಿಗೆ ಹೇಳಿದಂತೆ ಹೇಳಿದಳು, "ಚಿಗಟೇರಿಗೆ ನಾನ ಹೋಗಿ ಬರ್ತೀನಿ."

ಬಸವೇಶನ ಕೈ ಬಾಯಿಯ ಹತ್ತಿರ ನಿಂತಿತು. "ನೀನು? ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ಕೇಳಾಕ ನಾಚ್ತಿ."

"ಬರದಾಕಿ ನಾನು. ಹೇಳಾಕಿನೂ ನಾನ."

ಅಪ್ಪ ಏನೋ ಹೇಳಲು ಹೋದರು. ಅಷ್ಟರಲ್ಲಿ ಅಜ್ಜಿ ಕೈ ತೊಳೆದು ಎದ್ದಾಗಿತ್ತು. "ನಾನೂ ಬರ್ತೀನಿ. ಆ ಊರಿನ ಉಂಡಿ ಭಾಳ ಚಲೋ ಇದ್ವು."

ಮರುದಿನ ಬೆಳಗಿನ ಹೂವು ಬಸ್ಸಿಗೇರುವಾಗ ಅಜ್ಜಿ ಮೊಮ್ಮಗಳೂ ಏರಿದರು. ಸುಮಲತಾಳ ಮಡಿಲಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ, ಚೀಲದಲ್ಲಿ ಅತ್ತಿಗೆಗೆ ಹಿಂದಿರುಗಿಸಲೆಂದು ಕ್ಯಾಮೆರಾ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವ ತನಕ ಅವಳು ಮಾತುಗಳನ್ನು ಒಳಗೇ ಜೋಡಿಸುತ್ತಿದ್ದಳು. 'ಮಾವಾರೆ, ತಪ್ಪು ನಂದು. ಆ ಅಂಗಿ ಹಳೇದಲ್ಲ.' ಅಲ್ಲಿಂದ ಮುಂದೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ.

"ತುಟಿ ಯಾಕ ಅಲ್ಲಾಡಸ್ತಿ?" ಎಂದಳು ಅಜ್ಜಿ. "ಮಂತ್ರ ಹೇಳ್ತೀಯೇನು?"

ಚಿಗಟೇರಿಯಲ್ಲಿ ಬೀಗರ ಮನೆಗೆ ಬರೀ ಚಿಲಕ ಹಾಕಿತ್ತು. ಎಲ್ಲರೂ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾರೆ ಎಂದು ಪಕ್ಕದ ಮನೆಯಾಕೆ ಹೇಳಿದಳು. ಊರ ಹೊರಗೆ, ಕಾಲುದಾರಿ ತಿರುಗಿದ ಕೂಡಲೇ ಹೊಲ ಕಾಣಿಸಿತು. ಹತ್ತಿರದ ಸಾಲಿನಲ್ಲಿ ಬೆನ್ನು ತಿರುವಿ ಕೂತವರೊಬ್ಬರು ತಲೆಗೆ ಟವೆಲ್ ಸುತ್ತಿ, ಕಾಫಿ ಬಣ್ಣದ ಮೇಲೆ ಬಿಳಿ ಗೆರೆಯ ತುಂಬುತೋಳಿನ ಅಂಗಿ ತೊಟ್ಟಿದ್ದರು.

ಸುಮಲತಾ ಧೈರ್ಯವೆಲ್ಲ ಕೂಡಿಸಿ ಕೂಗಿದಳು. "ಮಾವಾರೆ! ತಪ್ಪು ನಂದ್ರಿ!"

ಕೂತವರು ತಿರುಗಿದರು. ಮೂಗಿನಲ್ಲಿ ಮೂಗುಬೊಟ್ಟು ಮಿಂಚಿತು. ಅದು ಗಾದಿಲಿಂಗಪ್ಪ ಅಲ್ಲ, ಬೀಗತಿ ತಿಪ್ಪೇರುದ್ರಮ್ಮ.

ಸುಮಲತಾ ಅಂಗಿಯನ್ನೇ ನೋಡಿದಳು. ಆ ಬಿಳಿ ಗೆರೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೀಗರಿಗೆ ಆಯೇರಿ ಕೊಡಲು ಅಪ್ಪನ ಜೊತೆ ಅಂಗಡಿಗೆ ಹೋಗಿ ಆ ಬಟ್ಟೆ ಆರಿಸಿದವಳು ಅವಳೇ.

"ಅತ್ತಿ," ಎಂದಳು ಮೆಲ್ಲಗೆ, "ಇದು... ನಾವು ಮಾವಾರಿಗೆ ಕೊಟ್ಟಿದ್ದಲ್ಲೇನ್ರಿ?"

ತಿಪ್ಪೇರುದ್ರಮ್ಮ ಕುಡುಗೋಲು ಕೆಳಗಿಟ್ಟು ಎದೆಯ ಗುಂಡಿ ಮುಟ್ಟಿ ನೋಡಿಕೊಂಡಳು, ಅಂಗಿ ತನ್ನ ಮೈಮೇಲೆ ಹೇಗೆ ಬಂತೆಂದು ತನಗೇ ಆಶ್ಚರ್ಯವಾದ ಹಾಗೆ. ಅತ್ತ ಪಂಪಿನ ಕಡೆಯಿಂದ ಬಂದ ಗಾದಿಲಿಂಗಪ್ಪ ಇವರನ್ನು ಕಂಡು ಹೆಜ್ಜೆ ತಡೆದ. ಹಿಂದಕ್ಕೆ ಹೋಗೋಣವೆಂದರೆ ಅಜ್ಜಿ ನೋಡಿಯಾಗಿತ್ತು.

"ಬಾರೋ ಬೀಗ," ಎಂದಳು ನಾಗಲಿಂಗಮ್ಮ ಬದುವಿನ ಮೇಲೆ ಕಾಲು ಚಾಚಿ ಕೂರುತ್ತ. "ನಮ್ಮ ಬಟ್ಟಿ ಬಾಳಿಕಿ ಹೆಂಗೈತಿ?"

"ಯಮ್ಮಾ, ಅದು... ನನಗೆ ತೋಳು ಸ್ವಲ್ಪ ಬಿಗಿ ಆಗ್ತೈತೆ."

"ಎರಡೂ ತೋಳು ಬಿಗಿಯೋ, ಒಂದೋ?"

ಸಾಲಿನ ಆ ತುದಿಯಲ್ಲಿದ್ದ ಗಂಗಾಂಬಿಕಾ ಇಷ್ಟು ಹೊತ್ತು ತಡೆದಿದ್ದ ನಗುವನ್ನು ಬಿಟ್ಟುಬಿಟ್ಟಳು. ನಗುತ್ತ ನಗುತ್ತ ಉಳ್ಳಾಗಡ್ಡಿ ಸಾಲಿನಲ್ಲೇ ಕುಸಿದು ಕೂತಳು.

"ನಿನಗ ಗೊತ್ತಿತ್ತೇನು ಅತ್ತಿಗಿ?" ಎಂದಳು ಸುಮಲತಾ.

"ಗೊತ್ತಿಲ್ದ ಏನು? ಮದುವಿ ಆದ ವರ್ಷದಿಂದ ಅವ್ವ ಅದನ್ನೇ ಹಾಕ್ಕೋತಾಳ. ಹೇಳಿದ್ರ ಅಪ್ಪನ ಮಾನ ಹೋಗ್ತೈತೆ, ಹೇಳದಿದ್ರ ನಿಮ್ಮಣ್ಣನ ಮಾರಿ ನೋಡಾಕ ಆಗವಲ್ದು. ಯಾರನ್ನ ಬಿಟ್ಟುಕೊಡ್ಲಿ?"

"ನನ್ನನ್ನೇ ಬಿಟ್ಟುಕೊಟ್ಟಿ ಅಲ್ಲ," ಎಂದ ಗಾದಿಲಿಂಗಪ್ಪ. ಆದರೆ ಅವನ ಮೀಸೆಯ ತುದಿ ಅಲುಗಾಡುತ್ತಿತ್ತು. "ಆತು. ಆದರೂ ಪೇಪರಿನಾಗ 'ಹಾಕಿ ಬಿಟ್ಟ' ಅಂತ ಬರೆಯೋದೇನವ್ವ? ಅಷ್ಟು ಕೆಟ್ಟದಿತ್ತೇನು ನಾ ಆರಿಸಿದ್ದು?"

ಸುಮಲತಾ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು. ಚೀಲದಿಂದ ಪುರವಣಿಯ ಹಾಳೆ ತೆಗೆದು ಅವನ ಮುಂದೆ ಹಿಡಿದಳು.

"ಮಾವಾರೆ, ಓದಿ ನೋಡ್ರಿ. ಪ್ರಶಸ್ತಿಗೆ ಆರಿಸಿದವರು ಏನಂದಾರ ಅಂತ. 'ಹಸಿರು ಬಿಳುಪಿನ ನಡುವಿನ ಆ ಕೆಂಪು ಬಣ್ಣವೇ ಈ ಚಿತ್ರದ ಜೀವ' ಅಂತ ಬರದಾರ. ಅವ್ವ ಅಪ್ಪನ ಬಿಳಿ ಅಂಗಿ ಹಾಕ್ಕೊಂಡಿದ್ರ ನನ್ನ ಚಿತ್ರ ಯಾರೂ ನೋಡ್ತಿರಲಿಲ್ರಿ."

ಗಾದಿಲಿಂಗಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು ಒಮ್ಮೆ ತಾನೇ ಓದಿದ. ಆಮೇಲೆ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದ. ಆಮೇಲೆ ಪಕ್ಕದ ಹೊಲದಲ್ಲಿ ಗಳೆ ಹೊಡೆಯುತ್ತಿದ್ದವನನ್ನೂ ಕೂಗಿ ಕರೆದ.

"ಲೇ, ಬಾರಲೇ ಇಲ್ಲಿ! ನನ್ನ ಅಂಗಿಗೆ ಪ್ರಶಸ್ತಿ ಬಂದೈತೆ!"

"ಅಂಗಿ ಒಳಗ ನಮ್ಮ ಸೊಸಿ ಅದಾಳಪ್ಪೋ," ಎಂದಳು ಅಜ್ಜಿ.

ತಿಪ್ಪೇರುದ್ರಮ್ಮ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡಳು. "ಬೀಗತಿಗಷ್ಟ ಫೋಟೋ ಏನು? ನಂದೂ ತೆಗಿ ಸುಮಾ. ಕಾಫಿ ಬಣ್ಣಕ್ಕೂ ಕೊಡ್ತಾರೇನೋ ನೋಡಾಣ." ಅಂದು, ಸುಮಲತಾ ಕ್ಯಾಮೆರಾ ಎತ್ತುವಷ್ಟರಲ್ಲಿ ನಾಚಿಕೊಂಡು ಗಂಡನ ಹಿಂದೆ ನಿಂತಳು.

ಅಂದು ಸಂಜೆಯೇ ಗಂಗಾಂಬಿಕಾ ಹಡಗಲಿಗೆ ಬಂದಳು. ಮರುದಿನ ಬೆಳಗ್ಗೆ ಹುಣ್ಣಿಮೆ ಚಂದ್ರನಂಥ ರೊಟ್ಟಿ ತಾಟಿಗೆ ಬಿದ್ದಾಗ ಬಸವೇಶ ಅದನ್ನು ಮುರಿಯಲು ಮನಸ್ಸಿಲ್ಲದೆ ನೋಡುತ್ತ ಕೂತ. ಶಿವಯೋಗಪ್ಪ ಗೂಟದಲ್ಲಿದ್ದ ಕೆಂಪು ಚೌಕಳಿ ಅಂಗಿಯನ್ನು ತಾವೇ ಇಳಿಸಿ ಸೊಸೆಯ ಕೈಗೆ ಕೊಟ್ಟರು.

"ಒಗದು ಇಸ್ತ್ರಿ ಮಾಡವ್ವ. ಧಾರವಾಡಕ್ಕ ಅದನ್ನ ಹಾಕ್ಕೊಂಡು ಬರ್ತೀನಿ. ನಿಮ್ಮಪ್ಪಗೂ ಬರಾಕ ಹೇಳೀನಿ."

"ತೋಳಿಗೆಲ್ಲ ಹೂವಿನ ಗಿಡದ ಕಲಿ ಐತ್ರಿ ಮಾವ. ಹೋಗಂಗಿಲ್ಲ."

"ಇರ್ಲಿ. ಪ್ರಶಸ್ತಿ ಬಂದ ಕಲಿ ಅದು."

ಭಾನುವಾರ ಧಾರವಾಡದ ಸಭಾಭವನದ ಬಾಗಿಲಲ್ಲಿ ಬೀಗರಿಬ್ಬರೂ ಎದುರುಬದುರಾದಾಗ ಒಬ್ಬರ ಅಂಗಿಯನ್ನು ಇನ್ನೊಬ್ಬರು ನೋಡಿದರು. ಶಿವಯೋಗಪ್ಪ ಕೆಂಪು ಚೌಕಳಿಯಲ್ಲಿ, ಗಾದಿಲಿಂಗಪ್ಪ ಕಾಫಿ ಬಣ್ಣದ ಬಿಳಿ ಗೆರೆಯಲ್ಲಿ. ಅವನ ಮೊಣಕೈ ಹತ್ತಿರ ಉಳ್ಳಾಗಡ್ಡಿ ಹೊಲದ ಮಣ್ಣಿನ ಗುರುತು ಇನ್ನೂ ಇತ್ತು.

"ತೋಳು ಬಿಗಿ ಅಂತಿದ್ರಿ?" ಎಂದರು ಶಿವಯೋಗಪ್ಪ.

"ಇವಳು ಹಾಕಿ ಹಾಕಿ ಸಡಿಲ ಮಾಡ್ಯಾಳ್ರಿ."

ಬೀಗತಿಯರು ಇಬ್ಬರೂ ಇಳಕಲ್ ಸೀರೆಯಲ್ಲಿ, ತಲೆತುಂಬ ಹಡಗಲಿ ಮಲ್ಲಿಗೆಯಲ್ಲಿ ಮುಂದಿನ ಸಾಲಿನಲ್ಲಿ ಕೂತರು. ವೇದಿಕೆಯ ಪಕ್ಕದಲ್ಲಿ ಆಳೆತ್ತರದ ಚಿತ್ರ. ಅನ್ನದಾನಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ನನ್ನ ಕೈ ನೋಡು," ಎಂದಳು ಸೊಸೆಗೆ, ಬೇರೆ ಯಾರದೋ ಕೈಯ ಬಗ್ಗೆ ಹೇಳುವಂತೆ. "ಎಷ್ಟು ಚಲೋ ಬಂದೈತಿ."

ಶಾಲು ಹೊದಿಸಿ, ಫಲಕ ಕೊಟ್ಟು, ಎರಡು ಮಾತು ಆಡಿ ಎಂದರು. ಸುಮಲತಾ ಮೈಕಿನ ಮುಂದೆ ನಿಂತಳು. ಕಾಗದದಲ್ಲಿ ಬರೆದು ತಂದಿದ್ದ ವಂದನೆಯ ಮಾತು ಮಡಚಿದ ಕೈಯಲ್ಲೇ ಉಳಿಯಿತು.

"ಆ ಚಿತ್ರದ ಕೆಳಗ ನಾ ತಪ್ಪು ಬರದೀನ್ರಿ," ಎಂದಳು. ಮೈಕಿನಲ್ಲಿ ತನ್ನದೇ ದನಿ ಕೇಳಿ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದಳು. "ಅದು ಹಾಕಿ ಬಿಟ್ಟ ಅಂಗಿ ಅಲ್ರಿ. ನಮ್ಮ ಬೀಗರು ಆರಿಸಿ ತಂದ ಆಯೇರಿ ಅಂಗಿ. ನಮ್ಮ ಕಡೆ ಭಾಳ ಬಾಳಿಕಿ ಬರೋ ಬಟ್ಟಿ ಯಾರ ಹೆಸರಿಗೆ ಬಂದ್ರೂ, ಕಡೀಗೆ ಹೊಲಕ್ಕ ಹೋಗೋ ಹೆಣ್ಮಕ್ಕಳ ಮೈಮ್ಯಾಲೆ ಬರ್ತೈತಿ. ಅಷ್ಟ ರೀ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗಾದಿಲಿಂಗಪ್ಪ.

ಹೊರಗೆ ಅಂಗಳದಲ್ಲಿ ಪೇಪರಿನ ಫೋಟೋದವನೊಬ್ಬ ಬಂದು ಕೇಳಿದ. "ಚಿತ್ರದಲ್ಲಿರೋ ತಾಯಿ ಯಾರ್ರಿ? ಆ ಅಂಗಿಯಲ್ಲೇ ಒಂದು ಸಿಕ್ಕಿದ್ದರೆ ಚೆನ್ನಾಗಿತ್ತು."

ಅನ್ನದಾನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗಂಡನ ಕಡೆ ತಿರುಗಿ, "ಬಿಚ್ರಿ," ಎಂದಳು.

"ಏನು?"

"ಅಂಗಿ ಬಿಚ್ರಿ."

"ಇಲ್ಲೇನ? ಇಷ್ಟು ಮಂದಿ ಒಳಗ?"

"ಬನಿಯನ್ ಹಾಕ್ಕೊಂಡೀರಿಲ್ಲೋ?"

ಶಿವಯೋಗಪ್ಪ ಸುತ್ತ ನೋಡಿ, ಗಿಡದ ಮರೆಗೆ ಸರಿದು, ಬಿಚ್ಚಿ ಕೊಟ್ಟರು. ಸುಮಲತಾ ನಗುತ್ತ ತನ್ನ ಶಾಲನ್ನು ಅಪ್ಪನಿಗೆ ಹೊದಿಸಿದಳು. ಇಳಕಲ್ ಸೀರೆಯ ಮೇಲೆ ಕೆಂಪು ಚೌಕಳಿ ಏರಿಸಿಕೊಂಡು ಅನ್ನದಾನಮ್ಮ ನೆಟ್ಟಗೆ ನಿಂತದ್ದನ್ನು ನೋಡಿ ತಿಪ್ಪೇರುದ್ರಮ್ಮನಿಗೆ ತಡೆಯಲಾಗಲಿಲ್ಲ.

"ರೀ, ನಿಮ್ಮದೂ ಬಿಚ್ರಿ!"

"ನನಗೇನು ಹೊದಿಯಾಕ ಐತೆ?" ಎಂದ ಗಾದಿಲಿಂಗಪ್ಪ.

"ಬರ್ರಿ ಬೀಗರ," ಎಂದು ಶಿವಯೋಗಪ್ಪ ಶಾಲಿನ ಒಂದು ತುದಿ ಎತ್ತಿ ಹಿಡಿದರು. "ಅಗಲ ಐತಿ."

ಫೋಟೋದವನು ಬಿಸಿಲಲ್ಲಿ ನಿಂತ ಇಬ್ಬರು ಬೀಗತಿಯರನ್ನು ಸರಿಮಾಡಿ ನಿಲ್ಲಿಸುತ್ತಿದ್ದ. ಸುಮಲತಾ ಮಾತ್ರ ಅತ್ತ ನೋಡಲಿಲ್ಲ. ಅತ್ತಿಗೆಯ ಹೆಗಲಿನಿಂದ ಕ್ಯಾಮೆರಾ ತೆಗೆದುಕೊಂಡು ಗಿಡದ ಕಡೆ ತಿರುಗಿದಳು. ಅಲ್ಲಿ ಒಂದೇ ಶಾಲಿನೊಳಗೆ ಬನಿಯನ್ನಿನ ಇಬ್ಬರು ದೊಡ್ಡ ಮನುಷ್ಯರು ಭುಜಕ್ಕೆ ಭುಜ ತಾಗಿಸಿ, ಚಳಿ ಹಿಡಿದವರ ಹಾಗೆ ಮುದುಡಿ ನಿಂತಿದ್ದರು.

"ಏ ಸುಮಾ, ಬ್ಯಾಡ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಕೈ ಎತ್ತಿ ತಡೆಯುವ ಹಾಗಿರಲಿಲ್ಲ. ಎತ್ತಿದರೆ ಶಾಲು ಜಾರುತ್ತಿತ್ತು.

"ಸ್ವಲ್ಪ ನಗ್ರಿ," ಎಂದಳು ಸುಮಲತಾ ಗಟ್ಟಿಯಾಗಿ, ಮತ್ತು ಗುಂಡಿ ಒತ್ತಿದಳು.